ಸುಮನಬಾಯಿಯವರ ಕಪ್ಪು-ಬಸಿ

ಸುಮನಬಾಯಿಯವರು ಲೋಟದಲ್ಲಿ ಚಹಾ ಕುಡಿದವರಲ್ಲ. ಕಪ್ಪು ಬೇಕು, ಸುರಿದು ಆರಿಸಿಕೊಳ್ಳಲು ಕೆಳಗೆ ಬಸಿ, ಅಂದರೆ ಸಾಸರೂ ಬೇಕು. ಚಿಂತಾಕಿ ಹಳ್ಳಿಯ ದಲಿತ ಬೌದ್ಧರ ಮನೆಯ ಹೆಣ್ಣುಮಗಳು. ಬೀದರಿನ ನಮ್ಮ ಆರೋಗ್ಯ ಕೇಂದ್ರದಲ್ಲಿ ನರ್ಸ್. ನಾನು ಮೇಲ್ವಿಚಾರಕ. ಅವರು ಕೆಲಸಕ್ಕೆ ಎಂದೂ ತಡವಾಗಿ ಬರಲಿಲ್ಲ. ನನಗೆ ಅವರು ಹಿಡಿಸಿದ್ದು ಅದಕ್ಕೇ.

ಓಣಿಯಲ್ಲಿ ಯಾರಿಗಾದರೂ ಚಾಕು ಬಿದ್ದರೆ ಅದನ್ನು ವಾಂತಿಭೇದಿಯಂತೆ ನೋಡುತ್ತಿದ್ದರು. "ಸರ, ಇದು ಅಂಟೂ ರೋಗ. ಒಂದ್ ಮನ್ಯಾಗ ಬಂದ್ರ ಬಾಜೂ ಮನೀನೂ ನೋಡ್ಬೇಕ್ರಿ" ಎಂದು ಗಾಯಗೊಂಡವನ ಅಣ್ಣತಮ್ಮಂದಿರ, ಗೆಳೆಯರ ಮನೆಗಳಲ್ಲಿ ಹೋಗಿ ಕೂರುವರು. ಸೇಡಿಗೆ ಕುದಿಯುವವನ ಕೈಗೆ ಚಹಾ ಕೊಡಿಸುವರು. "ಒಂದ್ ಕೈಯಾಗ ಕಪ್ಪು, ಒಂದ್ ಕೈಯಾಗ ಬಸಿ. ಚಾಕು ಯಾವ ಕೈಲೆ ಹಿಡೀತಿ, ಶಹಾಣ್ಯಾ?" ಅವನಿಗೆ ನಗು ಬರುತ್ತಿತ್ತು. ಎಷ್ಟೋ ಜಗಳಗಳು ಬಸಿಯಲ್ಲೇ ಆರಿದವು.

ಊರ ಹೊರಗಿನ ಕೊಳಾರದ ಕಾರ್ಖಾನೆಯೊಂದರ ಮುಂದೆ ಹೊಡೆದಾಟವಾಗಿ ಒಬ್ಬನ ಹೊಟ್ಟೆಗೆ ಚಾಕು ಬಿತ್ತು. ಇರಿದವರು ಆಗಲೇ ಊರು ಬಿಟ್ಟರು. ಗೋದಾಮಿನ ಹಮಾಲ ಅಸ್ಲಂ ಬರೀ ನೋಡಿದವನು. ಅವನೂ ಚೀಲ ಕಟ್ಟಿದ್ದ.

"ಓಡಿದ್ರ ನೀನೇ ಮಾಡಿದಂಗ ಆಗ್ತದ. ಮನ್ಯಾಗ ಕುಂದ್ರು" ಎಂದರು ಸುಮನಬಾಯಿ.

ಅವನ ತಾಯಿ ರಜಿಯಾಬೀ ಒಪ್ಪಲಿಲ್ಲ. "ನಮ್ಮ ಓಣಿ ಹೆಸರು ಹೇಳಿದ್ರ ಸಾಕ್ರಿ ಬಾಯಿ, ಮುಂದ ಪೊಲೀಸ್ರು ಏನೂ ಕೇಳಂಗಿಲ್ಲ, ಎಳ್ಕೊಂಡ್ ಹೋಗ್ತಾರ."

"ನಾ ಅದೀನಲ್ಲ."

ಅಸ್ಲಂ ಚೀಲ ಬಿಚ್ಚಿದ. ಸಂಜೆ ಪೊಲೀಸ್ ಜೀಪು ಬಂತು. ಓಡಿದವರೆಲ್ಲ ಪಾರಾದರು, ಮನೆಯಲ್ಲಿ ಕೂತವನು ಸಿಕ್ಕ. ಸುಮನಬಾಯಿ ಠಾಣೆಗೆ ಹೋದರೆ ಪೊಲೀಸರು ಬಾಗಿಲಲ್ಲೇ ಕೇಳಿದರು: "ನಿಮ್ಮ ಜಾತಿಯವ್ರು, ಅವ್ರ ಜಾತಿಯವ್ರು ಒಂದಾಗೀರೇನು?"

ಮಳೆಗಾಲ ಮುಗಿದ ಮೇಲೆ ಅಸ್ಲಂ ಜಾಮೀನಿನ ಮೇಲೆ ಬಂದ. ಠಾಣೆಯಲ್ಲಿ ತಿಂದ ಹೊಡೆತಕ್ಕೆ ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ನಾವಿಬ್ಬರೂ ನೋಡಲು ಹೋದೆವು. ರಜಿಯಾಬೀ ಕಪ್ಪು-ಬಸಿ ತಂದು ಮಗನ ಮುಂದಿಟ್ಟಳು.

"ಕುಡಿ ಬೇಟಾ. ನರ್ಸಬಾಯಿ ಬಂದಾರ, ನೋಡ್ಲಿ."

ಅವನು ಎಡಗೈಯಲ್ಲಿ ಬಸಿ ಹಿಡಿದ. ಬಲಗೈಯಿಂದ ಕಪ್ಪು ಜಾರಿ ಬಿಸಿ ಚಹಾ ತೊಡೆಯ ಮೇಲೆ ಬಿತ್ತು. ತಾಯಿ ಒರೆಸಲು ಅರಿವೆ ತರಲಿಲ್ಲ.

"ಇನ್ನ ಚಾಕೂ ಹಿಡಿಯಂಗಿಲ್ರಿ ಇವ. ನಿಮ್ಮ ದವಾ ಛಲೋ ಹತ್ತೇದ."

ಸುಮನಬಾಯಿ ತಮ್ಮ ಸೆರಗಿನಿಂದ ಒರೆಸಹೋದರು. ಅಸ್ಲಂ ಕಾಲು ಹಿಂದಕ್ಕೆಳೆದುಕೊಂಡ.

ನಿವೃತ್ತರಾಗಿ ಅವರು ಚಿಂತಾಕಿಗೆ ಹೋದರು. ಕೊನೆಗೆ ಕಂಡಾಗ ನನಗೂ ತಮಗೂ ಸ್ಟೀಲಿನ ಲೋಟದಲ್ಲಿ ಚಹಾ ತಂದರು. ಅಸ್ಲಂನ ಓಣಿಯಲ್ಲಿ ಮತ್ತೆ ಇರಿತವಾಗಿದೆ ಎಂದೆ.

"ಹುಡುಗ್ರು ಓಡಿದ್ರೇನ್ರಿ?"

"ಎಲ್ಲರೂ."

ಲೋಟದ ಚಹಾ ಊದಿದರು. "ಛಲೋ ಆತು ಬಿಡ್ರಿ, ಸರ."