ಸಾರಿನಲ್ಲಿ ಕುದ್ದ ಹುಳಿ ಗುಳಿಗೆ

ಮೊದಲ ತುತ್ತಿಗೇ ಸಾರಿನ ಹುಳಿ ನೆತ್ತಿಗೇರಿತು. ತೊಗರಿ ಖರೀದಿಗೆಂದು ಇಂಗಳೇಶ್ವರಕ್ಕೆ ಹೋದವನು ಅಕ್ಕನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. "ಎಷ್ಟು ಹುಣಸಿಹಣ್ಣು ಹಿಂಡಿದೀ ಯಕ್ಕಾ?" ಎಂದೆ.

"ಹುಣಸಿ ಎಲ್ಲೈತೋ ತಮ್ಮಾ? ನೀ ಕೊಟ್ಟು ಹೋದ ಹುಳಿ ಗುಳಿಗಿ ಹಾಕೇನಿ."

ಕೈಯ ತುತ್ತನ್ನು ತಾಟಿಗಿಟ್ಟೆ. ಅಕ್ಕನ ಕಿರಿಸೊಸೆಗೆ ವಸಡಿನಿಂದ ರಕ್ತ ಬರುತ್ತಿತ್ತು. ಬಾಗೇವಾಡಿಯ ಡಾಕ್ಟರು ಬರೆದ ಸಿ ವಿಟಮಿನ್ ಗುಳಿಗೆಗಳನ್ನು ಹಿಂದಿನ ಸಲ ಬಂದಾಗ ನಾನೇ ತಂದುಕೊಟ್ಟು, ದಿನಕ್ಕೊಂದು ಚೀಪಲಿ ಎಂದು ಹೇಳಿ ಹೋಗಿದ್ದೆ. ರಕ್ತ ನಿಲ್ಲಲಿಲ್ಲವೆಂದು ನಾಳೆಯೇ ಬಿಜಾಪುರಕ್ಕೊಯ್ದು ಹುಡುಗಿಯ ಹಲ್ಲು ಕೀಳಿಸುವವರಿದ್ದರು!

"ಒಬ್ಬಾಕಿಗೇ ಕೊಟ್ಟು ಉಳಿದ ಸೊಸ್ತೇರ ಮಾರಿ ಹೆಂಗ ನೋಡ್ಲೋ? ಎಲ್ಲಾರಿಗೂ ಶಕ್ತಿ ಬರ್ಲಿ ಅಂತ ಕುದಿಸೇನಿ," ಎಂದಳು ಅಕ್ಕ.

ಊಟ ಬಿಟ್ಟೆದ್ದು, ಸೊಸೆಯನ್ನು ಕರೆದುಕೊಂಡು ಡಾಕ್ಟರ ಹತ್ತಿರ ಓಡಿದೆ. ಸಾರಿನ ಸುದ್ದಿ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕುದಿಸಿದ್ರ ಅದರ ಸತ್ವ ಹೋಗ್ತೈತ್ರಿ. ಉಳಿದಿದ್ದು ಮನಿಮಂದಿಗೆಲ್ಲ ಹಂಚಿಹೋಗೇತಿ. ಮೊದಲ ಗುಳಿಗಿ ಚೀಪಿಸ್ರಿ, ಹಲ್ಲಿನ ಮಾತು ಆಮ್ಯಾಲ."

"ಹಂಗಾರ ನಷ್ಟ ತುಂಬಾಕ ದಿನಾ ನಾಕು ಕೊಡ್ಲೇನ್ರಿ?" ಎಂದೆ, ವ್ಯಾಪಾರಿ ಬುದ್ಧಿ.

"ಹೊಟ್ಟಿ ಕೆಡ್ತೈತಿ ಸಾವಕಾರ್ರ. ಕಿಡ್ನ್ಯಾಗ ಹರಳಿನ ಬ್ಯಾನಿ ಇದ್ದವ್ರಿಗಂತೂ ನನ್ನ ಕೇಳದ ಕೊಡಬ್ಯಾಡ್ರಿ. ಊಟದಾಗ ಹಸಿ ನಿಂಬಿಹಣ್ಣು ಹಿಂಡಿಕೊಳ್ಳಲಿ, ಅದೂ ಇದೇ ಸತ್ವ."

ಹಲ್ಲು ಕೀಳಿಸುವ ಮಾತು ಅಲ್ಲಿಗೇ ನಿಂತಿತು. ತಿಂಗಳೊಪ್ಪತ್ತಿನಲ್ಲಿ ರಕ್ತವೂ ನಿಂತಿತು. ಈಗ ಆ ಸೊಸೆ ಕಬ್ಬನ್ನು ಹಲ್ಲಿನಿಂದಲೇ ಸಿಗಿಯುತ್ತಾಳೆ. ಅಂದಿನಿಂದ ನಾನು ಔಷಧವನ್ನು ಮನೆಯ ಹಿರಿಯರ ಕೈಗೆ ಕೊಡುವುದಿಲ್ಲ. ರೋಗಿಯ ಕೈಗೇ ಕೊಟ್ಟು, ಮೊದಲ ಗುಳಿಗೆ ಬಾಯಿಗೆ ಬೀಳುವವರೆಗೆ ಜಗಲಿ ಬಿಟ್ಟೇಳುವುದಿಲ್ಲ. ನೀವೂ ಹಾಗೇ ಮಾಡಿ.