ಹಗ್ಗದ ಹಿಂದಿನ ಸೀಟು

ನಮ್ಮ ಕೊಟ್ಟಿಗೆಯ ಗೋಡೆಗೊಂದು ಮೊಳೆ, ಆ ಮೊಳೆಯಲ್ಲಿ ಸುರುಳಿ ಸುತ್ತಿ ತೂಗುವ ಒಂದು ದಪ್ಪ ಹಗ್ಗ. ಹೋದ ಬೇಸಗೆಯಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇದೇ. ಹಗ್ಗವನ್ನು ಹಾವೆಂದು ತಿಳಿದು ಬೆವರಿದವರ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ನನ್ನದು ಹಗ್ಗವೆಂದು ಚೆನ್ನಾಗಿ ತಿಳಿದೇ ಬೆವರಿದವನ ಕಥೆ.

ಹಗ್ಗ ನನ್ನಾಕೆಯ ಅಣ್ಣನದು, ಕೊಯಿಲದ ಕುಶಾಲಪ್ಪ ಭಾವನದು. ರಬ್ಬರ್ ಮರದ ದಿಮ್ಮಿ, ಕೆಸರಲ್ಲಿ ಹೂತ ಪಿಕಪ್, ತೋಡಿಗೆ ಜಾರಿದ ಎಮ್ಮೆ, ಹೀಗೆ ಅವರ ಜೀಪೂ ಈ ಹಗ್ಗವೂ ಸೇರಿ ಎಳೆಯದ ವಸ್ತುವಿಲ್ಲ. ಆದ್ದರಿಂದ, ಚಿತ್ರದುರ್ಗದ ಹತ್ತಿರ ನನ್ನ ಕಾರಿನ ಎಂಜಿನ್ ಸೀಜಾಗಿ, ಅದನ್ನು ಅಲ್ಲಿಯ ಗ್ಯಾರೇಜಿನಲ್ಲಿ ಬಿಟ್ಟುಬಂದು, ಕೋಡಿಂಬಾಳದ ನಮ್ಮ ಮೆಕ್ಯಾನಿಕನಿಂದಲೇ ಸರಿಮಾಡಿಸಲು ಲಾರಿಗೆ ಹೇರಿಸಿ ಮನೆಗೆ ತರಿಸುತ್ತೇನೆಂದಾಗ ಭಾವ ನಕ್ಕುಬಿಟ್ಟರು.

“ಲಾರಿ ಎಂತಕ್ಕೆ ಮಾರಾಯ್ರೆ? ಜೀಪು ಉಂಟು, ಹಗ್ಗ ಉಂಟು. ನೀವು ಹಿಂದೆ ಸ್ಟೇರಿಂಗ್ ಹಿಡ್ಕೊಂಡು ಕೂತ್ರೆ ಸಾಕು. ಎಳೆಯುದು ನಾನು.” ಮಾತಿಗೆ ಮುದ್ರೆಯೊತ್ತಿದಂತೆ ಹಗ್ಗವನ್ನು ನಮ್ಮಲ್ಲೇ ತೂಗುಹಾಕಿ ಹೋದರು.

ಹಾಸನ, ಸಕಲೇಶಪುರದವರೆಗೆ ಹೇಗೋ ಆದೀತು. ಅಲ್ಲಿಂದ ಮುಂದೆ ಶಿರಾಡಿ ಘಾಟಿ. ಒಂದು ಮಗ್ಗುಲಲ್ಲಿ ಬಂಡೆ, ಇನ್ನೊಂದು ಮಗ್ಗುಲಲ್ಲಿ ಪ್ರಪಾತ, ಹಿಂದೆ ಹಾರ್ನ್ ಹೊಡೆಯುವ ಟ್ಯಾಂಕರು, ನಡುವೆ ಉಸಿರಿಲ್ಲದ ಕಾರಿನೊಳಗೆ ಉಸಿರು ಬಿಗಿಹಿಡಿದ ನಾನು. ಬೇಡವೆನ್ನೋಣವೆಂದರೆ, ಭಾವನ ಜೀಪನ್ನು ಬೇಡವೆನ್ನುವುದೂ ಅವರ ಮನೆಯ ಊಟವನ್ನು ಬೇಡವೆನ್ನುವುದೂ ಒಂದೇ. ನೆಂಟರ ಉಪಕಾರವನ್ನು ನಿರಾಕರಿಸಲು ನಮ್ಮಲ್ಲಿ ಪ್ರಾಣಭಯ ಸಾಲುವ ಕಾರಣವಲ್ಲ.

ನನ್ನಜ್ಜಿ ಹೆದರಿಕೆಯನ್ನು ಎದೆಯೊಳಗಿನ ನಾಯಿ ಎನ್ನುತ್ತಿದ್ದರು. ಅದು ಬೊಗಳಿದಾಗಲೆಲ್ಲ ಕಳ್ಳನೇ ಬಂದಿರಬೇಕೆಂದಿಲ್ಲ, ಆದರೆ ಎದ್ದುಹೋಗಿ ನೋಡುವುದರಲ್ಲಿ ನಷ್ಟವೇನೆಂದು ಅವರ ಪ್ರಶ್ನೆ. ನನ್ನ ನಾಯಿಯ ಬೊಗಳು ನನ್ನಾಕೆಗೂ ಕೇಳಿಸಿತೋ ಏನೋ, ಅಣ್ಣನಿಗೆ ಫೋನ್ ಮಾಡಿದಳು: “ಘಾಟಿ ಮತ್ತೆ ನೋಡುವ. ಮೊದಲು ನಿನ್ನ ಕಾರನ್ನೇ ಕಟ್ಟಿ ಕೊಯಿಲದಲ್ಲಿ ಒಮ್ಮೆ ಎಳ್ದು ತೋರ್ಸು.”

ಭಾನುವಾರ ಬೆಳಿಗ್ಗೆ ಹಗ್ಗ ಹಿಡಿದು ನಾವಿಬ್ಬರೂ ಕೊಯಿಲಕ್ಕೆ ಹೋದೆವು. ನನ್ನಾಕೆ ಜೀಪಿನಲ್ಲಿ ಅಣ್ಣನ ಪಕ್ಕ, ಅವರ ಕಾರಿನ ಎಂಜಿನ್ ಆರಿಸಿ ನಾನು ಒಳಗೆ ಕೂತೆ. ಏರಿನಲ್ಲಿ ಹಗ್ಗ ತಂತಿಯಂತೆ ಬಿಗಿದು ನಿಂತಿತು. ನನ್ನ ಭಯಕ್ಕೆ ನನಗೇ ನಾಚಿಕೆಯಾಯಿತು. ದಿಣ್ಣೆ ದಾಟಿ ಇಳಿಜಾರಿಗೆ ಬಂದದ್ದೇ ಹಗ್ಗ ಸಡಿಲಿ ಡಾಮರಿನ ಮೇಲೆ ತೆವಳತೊಡಗಿತು. ಎಳೆಯುವವರೇ ಬೇಡವೆಂಬಂತೆ ಕಾರು ಜೀಪಿನ ಬೆನ್ನಿಗೆ ನುಗ್ಗಿತು. ಎಂಜಿನ್ ಇಲ್ಲದ ಬ್ರೇಕು ಕಾಲಡಿಯಲ್ಲಿ ಕಲ್ಲಾಗಿತ್ತು. ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಜೀಪಿಗೂ ನನಗೂ ನಡುವೆ ಒಂದು ಗೇಣು ಉಳಿಯಿತು.

“ಹೆದರಿದ್ರಾ ಭಾವ? ಮುಖಕ್ಕೆ ಸುಣ್ಣ ಬಳಿದ ಹಾಗೆ ಉಂಟು,” ಎಂದು ಕುಶಾಲಪ್ಪ ಭಾವ ಕುಶಾಲು ಮಾಡಿದರು.

“ಹಾಗಾದ್ರೆ ಈಗ ನೀನು ಹಿಂದೆ ಕೂತ್ಕೊ ಅಣ್ಣ,” ಎಂದಳು ನನ್ನಾಕೆ. “ಇವರು ಜೀಪು ಬಿಡ್ಲಿ.”

ಭಾವ ಜೀವಮಾನವಿಡೀ ಎಳೆದವರು, ಎಳೆಸಿಕೊಂಡವರಲ್ಲ. ಇಳಿಜಾರಿನಲ್ಲಿ ಜೀಪಿನ ಕನ್ನಡಿಯೊಳಗೆ ಅವರ ಮುಖ ಹತ್ತಿರ ಹತ್ತಿರ ಬರುತ್ತಿದ್ದಂತೆ ಅದರಲ್ಲಿದ್ದ ನಗು ಎಲ್ಲೋ ಉದುರಿಹೋಯಿತು. ಕೆಳಗೆ ನಿಂತ ಮೇಲೂ ಅವರು ತುಸು ಹೊತ್ತು ಇಳಿಯಲಿಲ್ಲ. ಇಳಿದವರು ಅಂಗೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ, “ಲಾರಿಯವನಿಗೆ ಫೋನ್ ಮಾಡಿ ಭಾವ,” ಎಂದರು.

ನಮ್ಮ ದಿಮ್ಮಿಗಳೆಲ್ಲ ಗುಂಡಿಯಿಂದ ಮೇಲಕ್ಕೆ ಬಂದಂಥವು. ನಮ್ಮ ಧೈರ್ಯವೂ ಏರಿನಲ್ಲೇ ಬೆಳೆದದ್ದು. ಹಗ್ಗಕ್ಕೆ ಎಳೆಯಲು ಗೊತ್ತು, ತಡೆಯಲು ಗೊತ್ತಿಲ್ಲ ಎಂಬುದನ್ನು ಯೋಚಿಸಬೇಕಾದ ಸಂದರ್ಭವೇ ನಮಗೆ ಬಂದಿರಲಿಲ್ಲ. ಬಹುಶಃ ಮನುಷ್ಯರನ್ನು ಕಟ್ಟಿದ ಹಗ್ಗಗಳೂ ಹಾಗೆಯೇ, ಇಳಿಜಾರಿನಲ್ಲಿ ಪರೀಕ್ಷೆಯಾಗುವಂಥವು.

ಕಾರು ಲಾರಿಯ ಬೆನ್ನೇರಿ ಘಾಟಿ ಇಳಿಯಿತು. ಅದು ಘಾಟಿಯ ಬುಡದ ಗುಂಡ್ಯ ದಾಟಿತೆಂದು ಫೋನ್ ಬರುವಷ್ಟರಲ್ಲಿ ನನ್ನ ಕೈಯ ಚಹಾ ತಣ್ಣಗಾಗಿತ್ತು. ಆದರೆ ನಮ್ಮ ಓಣಿಯ ಏರಿಗೆ ಲಾರಿ ಹತ್ತಲಿಲ್ಲ. ಕಾರು ಇಳಿಸಿಕೊಳ್ಳಲು ಜೀಪಿನಲ್ಲಿ ಬಂದಿದ್ದ ಭಾವ ಯಾರನ್ನೂ ಕೇಳದೆ ಕೊಟ್ಟಿಗೆಯಿಂದ ಹಗ್ಗ ತಂದರು. ನಾನು ಹಿಂದೆ ಕೂತೆ. ಹಗ್ಗ ಬಿಗಿಯಿತು, ಕಾರು ಹತ್ತಿತು, ಭಾವನ ಮುಖಕ್ಕೆ ಬಣ್ಣ ಮರಳಿತು. ದಿಣ್ಣೆಯಿಂದ ಅಂಗಳಕ್ಕೆ ಹತ್ತೇ ಮಾರು ಇಳಿಜಾರು. ಭಾವ ದಿಣ್ಣೆಯ ಮೇಲೆಯೇ ಜೀಪು ನಿಲ್ಲಿಸಿ, ಇಳಿದು, ಕಾರಿನ ಗಾಲಿಯ ಮುಂದೆ ಕಲ್ಲಿಟ್ಟು ಹಗ್ಗ ಬಿಚ್ಚಿದರು.

“ಇಲ್ಲೇ ಇರ್ಲಿ ಭಾವ. ಮೆಕ್ಯಾನಿಕ್ ಇಲ್ಲಿಗೇ ಬರ್ಲಿ.”

ಹಗ್ಗವನ್ನು ಅವರು ಇನ್ನೂ ಒಯ್ದಿಲ್ಲ. ಬಂದಾಗಲೆಲ್ಲ ಕೊಟ್ಟಿಗೆಯ ಮುಂದೆ ನಾವಿಬ್ಬರೂ ನಿಂತು ಅದನ್ನೊಮ್ಮೆ ನೋಡುತ್ತೇವೆ. ಅದು ಬರೀ ಹಗ್ಗವೆಂದು ಇಬ್ಬರಿಗೂ ಗೊತ್ತು.