ಕಾಡಿಗೆ ಹಚ್ಚದ ಕಣ್ಣು

ಕರ್ರ್, ಕರ್ರ್. ಹಿತ್ತಾಳೆ ತಟ್ಟೆಗೆ ಹಿಡಿದ ಮಸಿಯನ್ನು ಚಮಚದಿಂದ ಕೆರೆಯುವ ಸದ್ದು, ಅದರ ಜೊತೆಗೆ ಗಾಜಿನ ಬಳೆಗಳದ್ದು. ಗಂಜಾಂನ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಕೂತು ನನ್ನ ಬೀಗಿತ್ತಿ, ಮಗಳ ಅತ್ತೆ, ಮೊಮ್ಮಗಳಿಗೆ ಕಾಡಿಗೆ ಮಾಡುತ್ತಿದ್ದರು. ಮಾರನೆಯ ದಿನ ನಾಮಕರಣ. ತಂದೆಯ ತಾಯಿ ಉಂಗುರದ ಬೆರಳಿನಿಂದ ಮಗುವಿನ ಕಣ್ಣಿಗೆ ಮೊದಲ ಕಾಡಿಗೆ ತೀಡಿದ ಮೇಲೆಯೇ ಹೆಸರಿಡುವುದು ಅವರ ಮನೆಯ ಪದ್ಧತಿ. ಅದಕ್ಕೆಂದೇ ನಾಗಮಂಗಲದ ಕಡೆಯ ತಮ್ಮ ಹಳ್ಳಿಯಿಂದ ಹರಳೆಣ್ಣೆ, ಮನೆಯ ಹಸುವಿನ ಬೆಣ್ಣೆ ಎಲ್ಲ ಹೊತ್ತು ತಂದಿದ್ದರು.

ನನಗೋ ಒಳಗೊಳಗೇ ಟೆನ್ಷನ್. ಎರಡು ತಿಂಗಳ ಆ ಕೂಸಿನ ಎಡಗಣ್ಣು ಯಾವಾಗಲೂ ಸೋರುತ್ತಿತ್ತು. ಬೆಳಗ್ಗೆ ಏಳುವಾಗ ರೆಪ್ಪೆ ಗೀಜಿನಿಂದ ಅಂಟಿಕೊಂಡಿರುತ್ತಿತ್ತು. ಕಣ್ಣಿನ ಡಾಕ್ಟರು, ನನ್ನ ಮಗಳಿಗಿಂತ ಚಿಕ್ಕವಳು, ಮೊದಲ ಸಲ ತೋರಿಸಿದಾಗಲೇ ಧೈರ್ಯ ಹೇಳಿದ್ದಳು. ಕಣ್ಣೀರು ಮೂಗಿಗೆ ಇಳಿಯುವ ದಾರಿ ಇನ್ನೂ ತೆರೆದಿಲ್ಲ, ಎಷ್ಟೋ ಮಕ್ಕಳಿಗೆ ಹೀಗಿರುತ್ತದೆ, ವರ್ಷ ತುಂಬುವುದರೊಳಗೆ ಹೆಚ್ಚಿನವರಿಗೆ ತಾನಾಗಿ ತೆರೆದುಕೊಳ್ಳುತ್ತದೆ. ಕಾಡಿಗೆ, ಎಣ್ಣೆ, ಎದೆಹಾಲು ಮಾತ್ರ ಕಣ್ಣಿಗೆ ಸೋಕಿಸಬಾರದು.

"ಕಣ್ಣಿಗೆ ಹಚ್ಚಬೇಡಿ, ಪ್ಲೀಸ್," ಎಂದೆ. "ಡಾಕ್ಟರು ಸ್ಟ್ರಿಕ್ಟ್ ಆಗಿ ಹೇಳಿದ್ದಾರೆ."

"ಅಯ್ಯೋ ಬುಡಿ ಅಕ್ಕಾ, ನಿಮ್ ಅಳಿಯ ಇದೇ ಕಾಡಿಗೇಲಿ ಬೆಳೆದೋನು. ಅವನ ಕಣ್ಗೇನಾಗದೆ?"

"ಸೋಡಾಬುಡ್ಡಿ ಕನ್ನಡಕ ಹಾಕ್ಕೊಂಡೇ ಓಡಾಡ್ತಾರಲ್ಲ!"

"ಅದು ಮೊಬೈಲು ನೋಡಿ ನೋಡಿ ಆಗಿದ್ದು. ಕಾನ್ವೆಂಟ್‌ನಲ್ಲಿ ಓದ್ದೋರ್ಗೆ ಮಸಿ ಕಂಡ್ರೆ ಯಾಕಿಂಗೋ ಕಾಣೆ."

ಮಗುವನ್ನೆತ್ತಿಕೊಂಡು ಬಂದ ನನ್ನ ಮಗಳು ನಕ್ಕುಬಿಟ್ಟಳು. ಬೀಗಿತ್ತಿ ನಗಲಿಲ್ಲ. ತೇವವಾಗಿದ್ದ ಆ ಪುಟ್ಟ ಕಣ್ಣನ್ನೇ ನೋಡುತ್ತಾ ಚಮಚ ಕೆಳಗಿಟ್ಟರು.

"ನಮ್ ದೊಡ್ ಮಗೀಗೂ ಇದೇ ಎಡಗಣ್ಣು," ಎಂದರು.

ಅವರ ಹಿರಿಮಗಳ ಎಡಗಣ್ಣಿಗೆ ಹೂ ಬಿದ್ದು ಆ ಕಣ್ಣು ಕಾಣದಿರುವುದು ನಮಗೆಲ್ಲ ಗೊತ್ತಿತ್ತು. ಹೇಗಾಯಿತೆಂದು ನಾವು ಯಾರೂ ಕೇಳಿರಲಿಲ್ಲ, ಪೊಲೈಟ್‌ನೆಸ್ ಅಂತ.

"ಅವ್ಳು ಹುಟ್ದಾಗ ನಮ್ಮಾವ ತೀರೋಗಿ ಮನೇಲಿ ಸೂತ್ಕ. ಕಾಡಿಗೆ ಹಚ್ಚಂಗಿರ್ಲಿಲ್ಲ. ಎರಡು ದಿನಕ್ಕೇ ರೆಪ್ಪೆ ಊದ್ಕಂಡು ಕೀವು ಸುರೀತು. ಸೂತ್ಕ ಕಳೀಲಿ ಆಮೇಕೆ ಆಸ್ಪತ್ರೆ ಅಂದ್ರು. ಕೊನೆಗೆ, ಕಾಡಿಗೆ ಕಾಣದ ಕಣ್ಣು, ತಾಯೇ ಕಳುದ್ಲು ಅಂತ ನನ್ನೇ ಅಂದ್ರು. ಈ ಮಗೀಗೂ ಅಂಗಾದ್ರೆ ನಾ ಎಂಗ್ ಬದುಕ್ಲಿ ಅಕ್ಕಾ?"

"ಬನ್ನಿ, ಈಗಲೇ ಹೋಗೋಣ. ನೀವೇ ಕೇಳಿ," ಎಂದು ಆಟೋ ಕರೆಸಿದೆ.

ಡಾಕ್ಟರು ಟಾರ್ಚ್ ಹಿಡಿದು ನೋಡಿದಳು. ಕಣ್ಣು ಕೆಂಪಾಗಿರಲಿಲ್ಲ, ಊದಿರಲಿಲ್ಲ. ಮಗು ಬೆಳಕಿನ ಹಿಂದೆಯೇ ಕಣ್ಣು ಹೊರಳಿಸಿತು. "ಚೆನ್ನಾಗಿದೆಯಮ್ಮಾ," ಎಂದಳು. ಬೀಗಿತ್ತಿ ತಮ್ಮ ಮಗಳ ಕಥೆಯನ್ನೆಲ್ಲ ಹೇಳಿ, "ಅವತ್ತು ಕಾಡಿಗೆ ಹಚ್ಚಿದ್ರೆ ಉಳೀತಿತ್ತಾ ತಾಯೀ?" ಎಂದು ಕೇಳಿದರು.

"ಇಲ್ಲಮ್ಮಾ. ಹುಟ್ಟಿದ ಕೂಸಿಗೆ ಹಾಗೆ ಕೀವು ಬಂದ್ರೆ ಅದು ಜೋರು ಇನ್ಫೆಕ್ಷನ್. ಅವತ್ತೇ ಔಷಧಿ ಶುರುವಾಗಬೇಕಿತ್ತು. ಕಾಡಿಗೆಯಿಂದ ಏನೂ ಆಗ್ತಿರಲಿಲ್ಲ."

"ನಾ ಹಚ್ದೆ ಇದ್ದಿದ್ಕಲ್ವಾ?"

"ಅಲ್ಲವೇ ಅಲ್ಲ."

ಅವರು ಸೆರಗನ್ನು ಬಾಯಿಗೊತ್ತಿಕೊಂಡು ಕೂತರು. ಹೊರಗೆ ಕ್ಯೂ ಇತ್ತು, ಆದರೂ ಆ ಹುಡುಗಿ ಅವಸರಪಡಿಸಲಿಲ್ಲ. ಆಮೇಲೆ ಅವರ ಬೆರಳನ್ನೇ ಹಿಡಿದು, ಕಣ್ಣಿನ ಒಳಮೂಲೆಯಿಂದ ಮೂಗಿನ ಪಕ್ಕಕ್ಕೆ ಮೆಲ್ಲಗೆ ಒತ್ತಿ ಇಳಿಸುವುದನ್ನು ಕಲಿಸಿದಳು. ಕೈ ತೊಳೆದಿರಬೇಕು, ಉಗುರು ಕತ್ತರಿಸಿರಬೇಕು, ಒರೆಸುವುದು ಸೆರಗಿನಿಂದಲ್ಲ, ಶುಭ್ರವಾದ ಹತ್ತಿಯಿಂದ. ಕಣ್ಣು ಕೆಂಪಾದರೆ, ಊದಿದರೆ ತಕ್ಷಣ ಬರಬೇಕು.

ನಾಮಕರಣದ ದಿನ ಹೊಸಹೊಳಲಿನಿಂದ ಬಂದಿದ್ದ ಬೀಗಿತ್ತಿಯ ಸೋದರತ್ತೆ ಬಿಡಲಿಲ್ಲ. "ಏನವ್ವಾ, ಪಟ್ಣದೋರ್ ಮನೇಗ್ ಬಂದು ಪದ್ಧತಿ ಮರ್ತ್‌ಬುಟ್ಯಾ?"

"ಮರ್ತಿಲ್ಲ ಕಣತ್ತೆ, ಅಂಗಾಲ್ಗೆ ಹಚ್ಚಿವ್ನಿ ನೋಡು. ಕಣ್ಣಿನ್ ಇಚಾರ ಡಾಕ್ಟ್ರಮ್ಮ ನಂಗೇ ಏಳ್‌ಕೊಟ್ಟವ್ರೆ." ಆ 'ನಂಗೇ' ಅನ್ನುವುದರಲ್ಲಿ ಎಂಥ ಪ್ರೈಡ್!

ಹಸುಗಳನ್ನು ಕಿರಿಮಗನಿಗೆ ಒಪ್ಪಿಸಿ ಅವರು ನಮ್ಮಲ್ಲೇ ಉಳಿದುಬಿಟ್ಟರು. ಪ್ರತಿ ಸಲ ಹಾಲು ಕುಡಿಸುವ ಮುಂಚೆ ಮಗು ಅವರ ಮಡಿಲಿಗೆ. ಐದನೇ ತಿಂಗಳು ನಡೆಯುತ್ತಿದ್ದಾಗ, ಒಂದು ಬೆಳಗ್ಗೆ ಎರಡು ಕಣ್ಣೂ ಒಂದೇ ಸಮ ಅರಳಿಸಿಕೊಂಡು ಮಗು ಎದ್ದಿತು.

ಅವರು ಹೋಗಿ ಈಗ ಎರಡು ವರ್ಷವಾಯಿತು, ಹಾರ್ಟ್ ಅಟ್ಯಾಕ್. ನಾನು ಅವರನ್ನು ಕಡೆಯದಾಗಿ ಕಂಡದ್ದು ಬಾಣಂತನ ಮುಗಿಸಿ ಸೊಸೆಯನ್ನು ಊರಿಗೆ ಕರೆದುಕೊಂಡು ಹೊರಟ ದಿನ, ಶ್ರೀರಂಗಪಟ್ಟಣದ ಬಸ್‌ ಸ್ಟ್ಯಾಂಡಿನಲ್ಲಿ. ಪಾಂಡವಪುರದ ಮೇಲೆ ಹೋಗುವ ನಾಗಮಂಗಲದ ಬಸ್ಸು. ಕಿಟಕಿಯ ಪಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಅಭ್ಯಾಸಬಲದಿಂದ ಅದರ ಕಣ್ಣು ಒರೆಸಲು ಸೆರಗೆತ್ತಿದವರು ಥಟ್ಟನೆ ಬಿಟ್ಟು, ಚೀಲದಿಂದ ಶುಭ್ರವಾದ ಹತ್ತಿ ತೆಗೆದರು. ಮಗುವಿನ ಮುಖ ತಿರುಗಿಸಿ ನೋಡಿದರು. ನನ್ನ ಕಡೆ ಬಗ್ಗಿ, ಎಂಜಿನ್ ಸದ್ದನ್ನೂ ಮೀರಿಸಿ ಕೂಗಿದರು:

"ವರೆಸೋಕೇ ಏನೂ ಇಲ್ವಲ್ಲಕ್ಕಾ!"

ಬಸ್ಸು ಹೊರಟಿತು. ಹತ್ತಿ ಹಿಡಿದಿದ್ದ ಆ ಕೈಯನ್ನೇ ಕಿಟಕಿಯಾಚೆ ಚಾಚಿ ಟಾಟಾ ಮಾಡುತ್ತಿದ್ದರು.